ಕಪ್ಪಿನ ಕಲ್ಲು

ಮೂರನೆಯ ಬುಟ್ಟಿಯ ಹೂವನ್ನು ಮೇಜಿನ ಮೇಲೆ ಸುರಿದುಕೊಂಡು ಕೂತಿದ್ದೆವು. ಬೆಳಿಗ್ಗೆ ಕಿತ್ತ ಕೇಸರಿ ಹೂವು ಸಂಜೆಯ ಹೊತ್ತಿಗೆ ಸೊರಗುತ್ತದೆ. ಅಷ್ಟರೊಳಗೆ ಒಂದೊಂದರ ಒಡಲಿನಿಂದಲೂ ಮೂರು ಕೆಂಪು ಎಳೆ ಹೊರಗೆ ಬರಬೇಕು. ಎಡಗೈಯಲ್ಲಿ ತೊಟ್ಟು ಹಿಡಿದು, ಹೆಬ್ಬೆರಳಿನಿಂದ ಹೂವಿನ ಬಾಯಿ ಬಿಡಿಸಿ, ಬಲಗೈಯಲ್ಲಿ ಎಳೆದರಾಯಿತು. ಎಳೆ ತಟ್ಟೆಗೆ, ಎಸಳು ನೆಲಕ್ಕೆ. ಅಕ್ಟೋಬರಿನ ಕೊನೆಯ ಹದಿನೈದು ದಿನ ನಮ್ಮ ಫುಯೆಂತೆಸೋಲದ ಹೆಂಗಸರಿಗೆ ಬೇರೆ ಕೆಲಸವಿಲ್ಲ. ಮಾತಿಗೆ ಮಾತ್ರ ಬರವಿಲ್ಲ.

"ಸಿನಿಮಾದವರು ಬಂದವ್ರೆ," ಅಂದಳು ತೆಯೊದೋರಾ. ನನ್ನ ಪಕ್ಕದ ಮನೆಯವಳು. ಅವಳ ಕೈಗೂ ಬಾಯಿಗೂ ಒಂದೇ ವೇಗ. "ಮೂರು ಲಾರಿ. ಅದರಲ್ಲಿ ಒಂದು ಲಾರಿ ತುಂಬ ಬರೀ ಹಳೇ ಬಟ್ಟೆ. ನಮ್ಮನ್ನ ಕೇಳಿದ್ರೆ ನಾವೇ ಕೊಡ್ತಿರಲಿಲ್ವಾ?"

"ನಿನ್ನ ಗಂಡನ ಪ್ಯಾಂಟು ಕೊಟ್ಟಿದ್ರೆ ಅದು ಯುದ್ಧಕ್ಕೂ ಮುಂಚಿನ ಕಥೆ ಆಗ್ತಿತ್ತು ಕಣೆ," ಅಂದಳು ಮೇಜಿನ ಆ ಕಡೆಯಿಂದ ಅವಳ ನಾದಿನಿ.

ಅದು ಯಾವುದೋ ಕಾದಂಬರಿಯ ಸಿನಿಮಾ. ನಮ್ಮ ಅಂತರ್ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಒಂದು ಹಳ್ಳಿ ಹೇಗಿತ್ತು ಎನ್ನುವ ಕಥೆಯಂತೆ. ಅದನ್ನು ಬರೆದವರು ಈ ಕಡೆಯವರಲ್ಲ. ಆದರೆ ನಮ್ಮೂರಿನ ಗೋಡೆಗಳಿಗೆ ಇನ್ನೂ ಸುಣ್ಣ ಬಳಿದಿಲ್ಲ, ಬೀದಿಯಲ್ಲಿ ವಿದ್ಯುತ್ ತಂತಿ ಕಡಿಮೆ ಎಂದು ನಮ್ಮನ್ನು ಆರಿಸಿಕೊಂಡಿದ್ದರು. ಬಡತನಕ್ಕೂ ಒಂದು ಬೆಲೆ ಬಂತಲ್ಲ ಎಂದು ಊರಿನವರು ಖುಷಿಯಾಗಿದ್ದರು.

ಅಷ್ಟರಲ್ಲಿ ಆ ತಂಡದ ಹುಡುಗಿ ನೂರಿಯಾ ಬಾಗಿಲಲ್ಲಿ ನಿಂತಳು. ಮ್ಯಾಡ್ರಿಡ್‌ನವಳು, ಕೈಯಲ್ಲಿ ಸದಾ ಒಂದು ನೋಟುಪುಸ್ತಕ. ನೆಲದ ತುಂಬ ಹರಡಿದ್ದ ನೇರಳೆ ಎಸಳನ್ನು ತುಳಿಯಬೇಕೋ ಬೇಡವೋ ತಿಳಿಯದೆ ಹೊಸ್ತಿಲಲ್ಲೇ ಉಳಿದಳು.

"ಅಮ್ಮಾ, ನಾಡಿದ್ದು ಬೆಳಿಗ್ಗೆ ಬಟ್ಟೆ ಒಗೆಯೋ ಕಟ್ಟೆ ಹತ್ರ ಎಂಟು ಜನ ಹೆಂಗಸರು ಬೇಕು. ಏನೂ ಕಷ್ಟ ಇಲ್ಲ. ಒಗೆಯೋದು ಬಂದರೆ ಸಾಕು."

"ಒಗೆಯೋದು ಬರುತ್ತಾ ಅಂತ ಕೇಳ್ತಾಳೆ ನೋಡ್ರೇ," ಅಂದಳು ತೆಯೊದೋರಾ. "ಬಾ ಮಗಳೆ, ಒಳಗೆ ಬಾ. ಎಸಳು ತುಳಿ, ಪರವಾಗಿಲ್ಲ. ಅದಕ್ಕೇನು ಜೀವ ಇದೆಯಾ."

"ಎಲ್ಲರಿಗೂ ನಾವೇ ಬಟ್ಟೆ ಕೊಡ್ತೀವಿ. ಕಪ್ಪು ಲಂಗ, ಕಪ್ಪು ಶಾಲು."

"ಎಲ್ಲರಿಗೂನಾ?" ಎಂದೆ ನಾನು.

"ಆಗ ಎಲ್ಲರ ಮನೆಯಲ್ಲೂ ಸಾವಾಗಿತ್ತಲ್ವಾ ಅಮ್ಮ?"

"ಸಾವು ಎಲ್ಲರ ಮನೆಯಲ್ಲೂ ಆಗಿತ್ತು. ಕಪ್ಪು ಎಲ್ಲರಿಗೂ ಇರಲಿಲ್ಲ," ಎಂದೆ. ಗೆದ್ದವರ ಕಡೆ ಸತ್ತಿದ್ದರೆ ಕಪ್ಪು ಉಡಬಹುದಿತ್ತು, ಇಗರ್ಜಿಯಲ್ಲಿ ಹೆಸರು ಕೂಗಿಸಬಹುದಿತ್ತು. ಸೋತವರ ಕಡೆಯ ಹೆಂಗಸು ಕಪ್ಪುಟ್ಟು ಬೀದಿಗೆ ಬಂದರೆ ಠಾಣೆಗೆ ಕರೆಸಿ, ಯಾರಿಗೋಸ್ಕರ ಎಂದು ಕೇಳುತ್ತಿದ್ದರು. ಇದನ್ನು ಹೇಳಿದಾಗ ನೂರಿಯಾ ಬೇಗಬೇಗ ಬರೆದುಕೊಂಡಳು.

"ಇಂಥದೇ ಬೇಕಮ್ಮ ನಮಗೆ. ಪುಸ್ತಕದಲ್ಲಿ ಇದಿಲ್ಲ." ಪುಟ ತಿರುವಿದಳು. "ಹಾಂ, ಬಾರ್‌ನಲ್ಲಿ ಕೂರೋ ಮುದುಕನೂ ಸಿಕ್ಕಿದ. ಮಾತಿಲ್ಲದ ಪಾತ್ರ, ಊರಿನ ಚಾಡಿಕೋರ. ಅವನು ಬಂದು ಕೂತ ತಕ್ಷಣ ಉಳಿದವರೆಲ್ಲ ಎದ್ದು ಹೋಗ್ತಾರೆ. ನಿಮ್ಮೂರ ಗಂಡಸರೇ ಒಬ್ಬರನ್ನ ಹೇಳಿದ್ರು. ಮಕಾರಿಯೊ ಅಂತ."

ಮೇಜಿನ ಸುತ್ತ ಆರು ಜೊತೆ ಕೈ ನಿಂತವು. ಮೊದಲು ನಕ್ಕವಳು ತೆಯೊದೋರಾ.

"ಅವನಿಗೆ ವೇಷ ಬೇಕಾಗಿಲ್ಲ ಬಿಡು ಮಗಳೆ. ಹಾಗೇ ಕೂರಿಸಿ."

ನನ್ನ ಕೈಯಲ್ಲಿದ್ದ ಹೂವಿನ ಎಳೆ ನಡುವೆ ತುಂಡಾಯಿತು.

ಮಕಾರಿಯೊ ಚಾಡಿ ಹೇಳಿದವನಲ್ಲ. ಊರಿನಲ್ಲಿ ಅದು ಗೊತ್ತಿದ್ದು ಉಳಿದವರು ಇಬ್ಬರು, ಅವನು ಮತ್ತು ನಾನು.

ಸಾವಿರದ ಒಂಬೈನೂರ ನಲವತ್ತಾರರ ಮಾತು. ಯುದ್ಧ ಮುಗಿದು ಏಳು ವರ್ಷವಾಗಿತ್ತು, ನನಗೆ ಹತ್ತೊಂಬತ್ತು. ನನ್ನ ಅಣ್ಣ ಬ್ಲಾಸ್ ಬೆಟ್ಟದಲ್ಲಿದ್ದ. ಸೋಲನ್ನು ಒಪ್ಪದೆ ಕಾಡು ಸೇರಿ ಇನ್ನೂ ಬಂದೂಕು ಹಿಡಿದಿದ್ದವರನ್ನು ನಾವು ಬೆಟ್ಟದವರು ಎನ್ನುತ್ತಿದ್ದೆವು, ಅದೂ ಪಿಸುಮಾತಿನಲ್ಲಿ. ಅವರ ಸುದ್ದಿ ತರುತ್ತಿದ್ದವನು ಒರೆನ್ಸಿಯೊ. ಕಾಡಿನಲ್ಲಿ ಇದ್ದಿಲು ಸುಟ್ಟು ಮನೆಮನೆಗೆ ಮಾರುವವನು. ಅವನಿಗೆ ಹೆಂಡತಿ, ಎಂಟು ವರ್ಷದ ಮಗಳು ವಿಸಿತಾ.

ಅವತ್ತು ಒರೆನ್ಸಿಯೊ ಇದ್ದಿಲಿನ ಚೀಲ ಅಡುಗೆಮನೆಯಲ್ಲಿ ಇಳಿಸಿ, ಟೋಪಿ ತೆಗೆದ. ಟೋಪಿ ತೆಗೆದ ಕೂಡಲೇ ಅಮ್ಮ ಗೋಡೆ ಹಿಡಿದುಕೊಂಡಳು.

"ಜ್ವರದಲ್ಲಿ ಹೋದ," ಅಂದ. "ಗುಂಡಿನಲ್ಲಿ ಅಲ್ಲ. ಗುಡಿಸಲಲ್ಲಿ, ನಮ್ಮ ನಡುವೆನೇ. ಮಣ್ಣು ಮಾಡಿದೀವಿ. ಠಾಣೆಯವರಿಗೆ ಗೊತ್ತಿಲ್ಲ, ಗೊತ್ತಾಗಬಾರದು. ಅಳಬೇಡಿ ಅಮ್ಮ. ಕಪ್ಪು ಹಾಕಬೇಡಿ. ನಿಮಗೆ ಗೊತ್ತಾಗಿದೆ ಅಂದರೆ ಹೇಳಿದವನು ಯಾರು ಅಂತ ಹುಡುಕ್ತಾರೆ."

ಅಮ್ಮ ಅಳಲಿಲ್ಲ. ಎರಡು ದಿನ ಉಣ್ಣಲೂ ಇಲ್ಲ. ಮೂರನೆಯ ದಿನ ನನ್ನನ್ನು ಕರೆದು, "ಒಳಲಂಗಕ್ಕಾದರೂ ಹಾಕೋಣ ಮಗಾ," ಅಂದಳು. "ಮೇಲೆ ಬೂದು ಲಂಗ ಉಟ್ಕೋತೀನಿ. ಯಾರಿಗೆ ಕಾಣುತ್ತೆ? ಹೆತ್ತ ಮಗ ಸತ್ತು ಮೂರು ದಿನ ಆಯ್ತು, ಮೈಮೇಲೆ ಒಂದು ದಾರ ಕಪ್ಪಿಲ್ಲ. ಅವನು ನಾಯಿನಾ?"

ಅಂಗಡಿಯಲ್ಲಿ ಬಣ್ಣದ ಪೊಟ್ಟಣ ಕೊಂಡರೆ ಊರಿಗೆ ತಿಳಿಯುತ್ತದೆ. ಅದಕ್ಕೇ ಅಕ್ರೋಟಿನ ಹಸಿ ಸಿಪ್ಪೆಯನ್ನು ತುಕ್ಕು ಹಿಡಿದ ಮೊಳೆಗಳ ಜೊತೆ ಕೊಪ್ಪರಿಗೆಯಲ್ಲಿ ಕುದಿಸಿದೆವು. ಬಾಗಿಲ ಸಂದಿಗೆ ಚಿಂದಿ ತುರುಕಿ ವಾಸನೆ ತಡೆದೆವು. ಅಮ್ಮನ ಎರಡು ಒಳಲಂಗ, ನನ್ನದೊಂದು. ಎಷ್ಟೆಲ್ಲ ಎಚ್ಚರ ವಹಿಸಿದೆವು. ಬಣ್ಣ ಹಾಕಿದ ಬಟ್ಟೆಯನ್ನು ಹರಿಯುವ ನೀರಿನಲ್ಲಿ ಹಿಂಡದಿದ್ದರೆ ಕಾಲಿಗೆಲ್ಲ ಹತ್ತುತ್ತದೆ, ಮನೆಯಲ್ಲಿ ನೀರಿರಲಿಲ್ಲ. ಊರಿಗೆ ಊರೇ ಕೇಸರಿ ಹೊಲದಲ್ಲಿರುವ ಬೆಳಗಿನ ಹೊತ್ತು ನೋಡಿ ನಾನು ಬುಟ್ಟಿ ಹೊತ್ತು ಕಟ್ಟೆಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ.

ನಮ್ಮ ಒಗೆಯುವ ಕಟ್ಟೆ ಉದ್ದನೆಯ ತೊಟ್ಟಿ. ಮೇಲಿನಿಂದ ಊಟೆಯ ನೀರು ಬಂದು ಕೆಳಗೆ ಹೊರಗೆ ಹೋಗುತ್ತದೆ. ಎರಡೂ ಬದಿಗೆ ಇಳಿಜಾರು ಕಲ್ಲುಗಳು. ನೀರು ಹೊರಗೆ ಹೋಗುವ ಕಡೆಯ ಕೊನೆಯ ಕಲ್ಲನ್ನು ಕಪ್ಪಿನ ಕಲ್ಲು ಎನ್ನುತ್ತಿದ್ದರು. ಸಾವಿನ ಮನೆಯವರು ಹೊಸದಾಗಿ ಬಣ್ಣ ಹಾಕಿದ ಬಟ್ಟೆಯನ್ನು ಅಲ್ಲೇ ಹಿಂಡಬೇಕು. ಮೇಲೆ ಹಿಂಡಿದರೆ ಕಪ್ಪು ನೀರು ಕೆಳಗಿನವರ ಬಿಳಿ ಬಟ್ಟೆಗೆ ಇಳಿಯುತ್ತದಲ್ಲ. ಹಾಲು ಬಿಟ್ಟ ವಯಸ್ಸಿನಿಂದ ನಮ್ಮ ಹುಡುಗಿಯರಿಗೆ ಇದು ಗೊತ್ತು. ಕಪ್ಪಿನ ಕಲ್ಲಿನ ಮೇಲೆ ಯಾರಾದರೂ ಕೂತಿದ್ದರೆ, ಹೋದವರು ಯಾರೆಂದು ತಿಳಿಯದಿದ್ದರೂ ಶಿಲುಬೆಯ ಗುರುತು ಮಾಡಿಕೊಂಡು ಒಂದು ಒಳ್ಳೆಯ ಮಾತು ಹೇಳಿ ಮುಂದೆ ಹೋಗುವುದು ಪದ್ಧತಿ.

ಕಟ್ಟೆ ಪೂರ್ತಿ ಖಾಲಿ. ಯಾವ ಕಲ್ಲಾದರೂ ನನ್ನದೇ. ನಾನು ನೆಟ್ಟಗೆ ನಡೆದು ಹೋಗಿ ಕೊನೆಯ ಕಲ್ಲಿನ ಮೇಲೆ ಮಂಡಿ ಊರಿದೆ. ಯೋಚಿಸಿ ಮಾಡಿದ್ದಲ್ಲ. ಕಪ್ಪು ಬಟ್ಟೆ ಕೈಯಲ್ಲಿತ್ತು, ಕಾಲು ತಾನೇ ಅಲ್ಲಿಗೆ ಹೋಯಿತು.

ಠಾಣೆಯ ಸಾರ್ಜೆಂಟನ ಹೆಂಡತಿ ಮಗುವಿನ ಬಟ್ಟೆ ಹಿಡಿದು ಬಂದದ್ದನ್ನು ನೀರಿನ ಸದ್ದಿನಲ್ಲಿ ನಾನು ಕೇಳಿಸಿಕೊಳ್ಳಲಿಲ್ಲ. ಅವಳು ದೂರದ ಊರಿನವಳು. ಕೆಟ್ಟವಳಲ್ಲ. ಹಿಂದಿನ ವರ್ಷ ಹೊಸದಾಗಿ ಬಂದಾಗ ಬಿಳಿ ಚಾದರ ತಂದು ಆ ಕಲ್ಲಿನ ಮೇಲೆ ಹಾಕಿದ್ದಳು. "ಅದು ಸತ್ತವರ ಮನೆಯವರ ಕಲ್ಲು ಅಮ್ಮಾವ್ರೆ, ಬಿಳೀದು ಅಲ್ಲಿ ಹಾಕಬೇಡಿ," ಎಂದು ಪಾಠ ಹೇಳಿಕೊಟ್ಟವಳು ನಾನೇ.

ಅವಳು ಶಿಲುಬೆಯ ಗುರುತು ಮಾಡಿಕೊಂಡಳು. "ದೇವರು ಅವರಿಗೆ ಶಾಂತಿ ಕೊಡಲಿ," ಅಂದಳು.

"ನಿಮಗೂ ಆಯುಸ್ಸು ಕೊಡಲಿ," ಎಂದೆ. ಆ ಮಾತಿಗೆ ಕೊಡಬೇಕಾದ ಉತ್ತರ ಅದೇ. ಬಾಯಿ ಕೊಟ್ಟುಬಿಟ್ಟಿತು.

ಬೇರೆ ಯಾವ ಕಲ್ಲಿನ ಮೇಲೆ ಹಿಂಡಿದ್ದರೂ, ಹಳೇ ಲಂಗ ಮಾಸಿತ್ತು, ಬಣ್ಣ ಹಾಕಿದೆ ಎನ್ನಬಹುದಿತ್ತು. ಎಲ್ಲರೂ ಹಾಕುತ್ತಿದ್ದರು.

ಅವಳು ಮನೆಯಲ್ಲಿ ಮಾತಿಗೆ ಹೇಳಿರಬೇಕು, ಮಧ್ಯಾಹ್ನ ಸಾರ್ಜೆಂಟ್ ನಮ್ಮ ಮನೆಗೆ ಬಂದ. ಒಬ್ಬನೇ ಬಂದ, ನಿಧಾನವಾಗಿ ಬಂದ. ಅಮ್ಮನ ಬೂದು ಲಂಗದ ಅಂಚನ್ನು ಬಂದೂಕಿನ ನಳಿಕೆಯಿಂದ ಎತ್ತಿ ನೋಡಿದ. ಒಳಗಿನ ಕಪ್ಪು ಲಂಗ ಇನ್ನೂ ಸರಿಯಾಗಿ ಒಣಗಿರಲಿಲ್ಲ. ಅಮ್ಮ ಒದ್ದೆಯದನ್ನೇ ಉಟ್ಟುಕೊಂಡಿದ್ದಳು.

"ಯಾರು ಸತ್ತದ್ದು?"

"ನಮ್ಮ ಅತ್ತೆ. ಬೇರೆ ಊರಿನಲ್ಲಿ," ಅಂದಳು ಅಮ್ಮ.

"ಅತ್ತೆಗೆ ಯಾರೂ ಒಳಗೆ ಕಪ್ಪು ಹಾಕಲ್ಲ," ಅಂದ. ಬೈಯಲಿಲ್ಲ, ಹೊಡೆಯಲಿಲ್ಲ. ಹೊರಟುಹೋದ. ಆ ವಾರ ಬೆಟ್ಟದಿಂದ ಇಳಿದು ನಮ್ಮ ಮನೆಗೆ ಬಂದವನು ಇದ್ದಿಲಿನವನೊಬ್ಬನೇ. ಅಷ್ಟು ಲೆಕ್ಕ ಹಾಕಲು ಸಾರ್ಜೆಂಟನಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಸಂಜೆಯೊಳಗೆ ಒರೆನ್ಸಿಯೊನನ್ನು ಹಿಡಿದರು. ಮರುದಿನ ಹೊಳೆಯ ದಂಡೆಯಲ್ಲಿ ಹೆಣ ಸಿಕ್ಕಿತು. ಓಡಿಹೋಗುತ್ತಿದ್ದ, ಗುಂಡು ಹಾರಿಸಬೇಕಾಯಿತು ಎಂದು ಬರೆದುಕೊಂಡರು. ಆ ಕಾಲದಲ್ಲಿ ಠಾಣೆಯಲ್ಲಿ ಸತ್ತವರೆಲ್ಲ ಓಡಿಹೋಗುತ್ತಲೇ ಸತ್ತವರು.

ಅದೇ ಮಧ್ಯಾಹ್ನ ಮಕಾರಿಯೊ ಠಾಣೆಗೆ ಹೋಗಿದ್ದ. ಅವನು ಹೇಸರಗತ್ತೆಯ ಮೇಲೆ ಸಾಮಾನು ಸಾಗಿಸುವವನು. ಪಕ್ಕದ ಊರಿಗೆ ಹೋಗಲು ಪಾಸ್ ಬೇಕಿತ್ತು. ಅಲ್ಲಿ ಯಾರೋ ಅವನಿಗೆ ಒಂದು ಗುಟುಕು ಹೆಂಡ ಕೊಟ್ಟರು. ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದವನನ್ನು ಹೊಲದಿಂದ ಮರಳುತ್ತಿದ್ದ ಇಪ್ಪತ್ತು ಜನ ನೋಡಿದರು. ಊರಿಗೆ ಅಷ್ಟು ಸಾಕಾಯಿತು.

ಸಾರ್ಜೆಂಟ್ ನಮ್ಮ ಮನೆಗೆ ಬಂದು ಲಂಗ ಎತ್ತಿ ನೋಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಅಮ್ಮ ಆ ಒಳಲಂಗಗಳನ್ನು ಒಲೆಗೆ ಹಾಕಿದಳು. "ಬಾಯಿ ಬಿಟ್ಟರೆ ನೀನು ನನ್ನ ಮಗಳಲ್ಲ," ಅಂದಳು. ಅವಳು ಹದಿನೈದು ವರ್ಷದ ನಂತರ ತೀರಿಕೊಂಡಳು. ಆಮೇಲೂ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಅಮ್ಮನನ್ನು ದೂರುವುದು ಸರಿಯಲ್ಲ.

ಮಕಾರಿಯೊನಿಗೆ ಯಾರೂ ಹೊಡೆಯಲಿಲ್ಲ, ಊರು ಬಿಟ್ಟು ಹೋಗು ಎನ್ನಲೂ ಇಲ್ಲ. ಮದುವೆ ಗೊತ್ತಾಗಿದ್ದ ಹುಡುಗಿ ಬೇಡವೆಂದಳು. ಹೇಸರಗತ್ತೆಯ ಕಾಲಿನ ನರ ಕತ್ತರಿಸಿದವರು ಯಾರೆಂದು ತಿಳಿಯಲಿಲ್ಲ. ಕ್ಷೌರದವನು ಅವನನ್ನು ಎಲ್ಲರದೂ ಆದ ಮೇಲೆ ಕೂರಿಸುತ್ತಿದ್ದ. ಬಾರ್‌ಗೆ ಅವನು ಬಂದರೆ ಅಕ್ಕಪಕ್ಕದವರು ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ಹೀಗೆ ನಲವತ್ತು ವರ್ಷ. ಹೋದರೆ ಒಪ್ಪಿಕೊಂಡ ಹಾಗಾಗುತ್ತದೆಂದು ಅವನು ಹೋಗಲಿಲ್ಲ.

ಒರೆನ್ಸಿಯೊನ ಹೆಂಡತಿ ಮಗಳ ಕೈ ಹಿಡಿದುಕೊಂಡು ಫ್ರಾನ್ಸಿನ ಗಡಿ ದಾಟಿದಳು. ವಿಸಿತಾ ತುಲೂಸ್‌ನಲ್ಲಿ ಬೆಳೆದಳು, ಹೊಲಿಗೆ ಕಲಿತಳು, ಮಕ್ಕಳನ್ನು ಹೆತ್ತಳು. ಪ್ರತಿ ಕ್ರಿಸ್ಮಸ್‌ಗೆ ನನಗೆ ಕಾಗದ ಹಾಕುತ್ತಾಳೆ. ನನಗೆ ಮಕ್ಕಳಿಲ್ಲ, ಮದುವೆಯೂ ಇಲ್ಲ. ಈ ಲೋಕದಲ್ಲಿ ನನ್ನನ್ನು ಚಿಕ್ಕಮ್ಮ ಎನ್ನುವವಳು ಅವಳೊಬ್ಬಳೇ. ಕಾಫಿಪುಡಿ ಕಳಿಸುತ್ತಾಳೆ, ಮಕ್ಕಳ ಫೋಟೋ ಕಳಿಸುತ್ತಾಳೆ. ಕಾಗದದ ಕೊನೆಯಲ್ಲಿ ಪ್ರತಿ ವರ್ಷ ಒಂದೇ ಸಾಲು: "ಆ ಮನುಷ್ಯ ಇನ್ನೂ ಬದುಕಿದ್ದಾನಾ ಚಿಕ್ಕಮ್ಮ?"

ಮೊದಲು ಪಾದ್ರಿ ಓದಿ ಹೇಳುತ್ತಿದ್ದರು, ನಾನು ಹೇಳಿದ್ದನ್ನು ಅವರೇ ಬರೆಯುತ್ತಿದ್ದರು. ಬದುಕಿದ್ದಾನೆ ಎಂದು ಬರೆಸುತ್ತಿದ್ದೆ. ನನ್ನ ಐವತ್ತೈದನೆಯ ವರ್ಷದಲ್ಲಿ ಊರಿಗೆ ರಾತ್ರಿ ಶಾಲೆ ಬಂತು. ಠಾಣೆ ಮುಚ್ಚಿದ್ದರು, ಆ ಕಟ್ಟಡದಲ್ಲೇ ಬೆಂಚು ಹಾಕಿದರು. ಒರೆನ್ಸಿಯೊನನ್ನು ಕೂಡಿಹಾಕಿದ್ದ ಕೋಣೆಯಲ್ಲಿ ಕೂತು ನಾನು ನನ್ನ ಹೆಸರು ಬರೆಯಲು ಕಲಿತೆ. ಎರಡು ಚಳಿಗಾಲ ಕಳೆದ ಮೇಲೆ, ಒಂದು ಭಾನುವಾರ, ಯಾರ ಕೈಯನ್ನೂ ಬೇಡದೆ ಚೌಕಳಿ ಹಾಳೆಯ ನಾಲ್ಕು ಪುಟ ವಿಸಿತಾಗೆ ಬರೆದೆ. ಎಲ್ಲವನ್ನೂ ಬರೆದೆ. ಲಕೋಟೆಗೆ ಹಾಕಿ, ವಿಳಾಸ ಬರೆದು, ಅಂಚೆಚೀಟಿ ಹಚ್ಚಿ, ಮೇಜಿನ ಖಾನೆಯಲ್ಲಿ ಕರವಸ್ತ್ರಗಳ ಕೆಳಗೆ ಇಟ್ಟೆ. ನಾಳೆ ಹಾಕೋಣ ಎಂದುಕೊಂಡೆ. ಅವಳ ಕ್ರಿಸ್ಮಸ್ ಕಾಗದ ಬಂದು ಹೋಗಲಿ, ಆಮೇಲೆ ಹಾಕೋಣ ಎಂದುಕೊಂಡೆ. ಹಾಗೆ ಮೂರು ಕ್ರಿಸ್ಮಸ್ ಆಯಿತು.

ಬಾರ್‌ನ ದೃಶ್ಯವನ್ನು ನೂರಿಯಾ ಬಂದುಹೋದ ಮರುದಿನ ಬೆಳಿಗ್ಗೆ ತೆಗೆದರು. ಹೆಂಗಸರೆಲ್ಲ ಕಿಟಕಿಯ ಹೊರಗೆ ನಿಂತು ನೋಡಿದೆವು. ಮಕಾರಿಯೊ ಕ್ಷೌರ ಮಾಡಿಸಿಕೊಂಡು ಬಂದಿದ್ದ. ಬಿಳಿ ಅಂಗಿ ಇಸ್ತ್ರಿಯಾಗಿತ್ತು. ಸಿನಿಮಾದವರು ಅದನ್ನು ಬಿಚ್ಚಿಸಿ ಕೊಳೆಯಾದದ್ದೊಂದು ಹಾಕಿದರು. ಮೇಜಿನ ಬಳಿ ಕೂರಿಸಿದರು. ನಿರ್ದೇಶಕರು ಕೈ ಎತ್ತಿದ ಕೂಡಲೇ ನಮ್ಮೂರ ಏಳು ಗಂಡಸರು ಲೋಟ ಎತ್ತಿಕೊಂಡು, ಅವನ ಕಡೆ ನೋಡದೆ, ಎದ್ದು ಹೋದರು. ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ನಿರ್ದೇಶಕರಿಗೆ ಬಲು ಸಂತೋಷವಾಯಿತು. ಐದು ಸಲ ಮಾಡಿಸಿದರು.

ಮಧ್ಯಾಹ್ನ ನಾನು ಮಕಾರಿಯೊನ ಮನೆಗೆ ಹೋದೆ. ಊರಿನ ಕೊನೆಯಲ್ಲಿ, ಕುರಿದೊಡ್ಡಿಗಳ ಆಚೆ. ಅವನು ಹೊಸ್ತಿಲ ಮೇಲೆ ಕೂತು ಸಿನಿಮಾದವರು ಕೊಟ್ಟ ಬ್ರೆಡ್ಡು, ಹಂದಿಮಾಂಸ ತಿನ್ನುತ್ತಿದ್ದ.

"ಏನು ಕಾಸಿಲ್ಡಾ, ದಾರಿ ತಪ್ಪಿದೆಯಾ?"

"ಇಲ್ಲ. ನಿನ್ನನ್ನೇ ನೋಡೋಕೆ ಬಂದೆ."

"ನಲವತ್ತು ವರ್ಷದಲ್ಲಿ ಈ ಬಾಗಿಲಿಗೆ ಬಂದವರು ಮೂರು ಜನ. ಮೀಟರ್ ಓದೋನು, ಒರೆನ್ಸಿಯೊ ಮಗಳು, ಈಗ ನೀನು. ಒರೆನ್ಸಿಯೊ ಮಗಳು ಉಗಿಯೋಕೆ ಬಂದಿದ್ಲು. ನೀನು ಅವಳ ಕೈಚೀಲ ಹಿಡ್ಕೊಂಡು ಆ ಮೂಲೇಲಿ ನಿಂತಿದ್ದೆ."

ನಿಂತಿದ್ದೆ. ಒಂಬತ್ತು ವರ್ಷದ ಹಿಂದೆ, ಯುದ್ಧ ಗೆದ್ದು ಆಳಿದ ಸರ್ವಾಧಿಕಾರಿ ಸತ್ತು ಗಡಿ ಸಲೀಸಾದಾಗ, ವಿಸಿತಾ ಒಂದೇ ಒಂದು ಸಲ ಊರಿಗೆ ಬಂದಿದ್ದಳು.

"ಬೆಳಿಗ್ಗೆ ಅಲ್ಲಿ ಕೂರೋಕೆ ಯಾಕೆ ಒಪ್ಪಿಕೊಂಡೆ? ಯಾವ ಪಾತ್ರ ಅಂತ ಗೊತ್ತಿರಲಿಲ್ವಾ?" ಎಂದು ಕೇಳಿದೆ.

"ಗೊತ್ತಿತ್ತು. ಆದ್ರೆ ಆ ಹುಡುಗಿ ಮನೆವರೆಗೂ ಬರ್ತೀನಿ ಅಂದ್ಲು, ನಾನೇ ಬೇಡ ಅಂದೆ. ಬನ್ನಿ ಕೂತ್ಕೊಳ್ಳಿ ಅಂತ ಬಾರಲ್ಲಿ ನಂಗೆ ಕುರ್ಚಿ ಎಳೆದುಕೊಟ್ಟಳು." ಬ್ರೆಡ್ಡಿನ ಚೂರನ್ನು ಅಂಗೈಯಲ್ಲಿ ಒಟ್ಟುಮಾಡಿಕೊಂಡ. "ಇಷ್ಟು ವರ್ಷ ಬಿಟ್ಟಿಯಾಗಿ ಎದ್ದು ಹೋಗ್ತಿದ್ರು. ಇವತ್ತು ಕೂಲಿ ತಗೊಂಡು ಎದ್ದು ಹೋದ್ರು. ಅವರಿಗೂ ಲಾಭ."

ನಾನು ನಿಂತೇ ಹೇಳಿದೆ. ಅಕ್ರೋಟಿನ ಸಿಪ್ಪೆಯಿಂದ ಹಿಡಿದು ಬಂದೂಕಿನ ನಳಿಕೆಯವರೆಗೆ ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿದ. ಬಾಯಲ್ಲಿದ್ದದ್ದನ್ನು ನುಂಗಲಿಲ್ಲ, ಉಗಿಯಲೂ ಇಲ್ಲ. ಕೊನೆಗೆ ನುಂಗಿ ಕೇಳಿದ:

"ನಿಮ್ಮಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಪಾದ್ರಿಗೆ?"

"ಇಲ್ಲ. ಪಾಪನಿವೇದನೆಯಲ್ಲೂ ಹೇಳಲಿಲ್ಲ."

"ಭಾನುವಾರ ಭಾನುವಾರ ನನ್ನ ಮುಂದೆ ಹಾದು ಹೋಗಿ ಪ್ರಸಾದ ತಗೋತಿದ್ದೆ."

"ತಗೋತಿದ್ದೆ."

ಅವನು ಎದ್ದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ನಾನು ಹಗುರಾಗುತ್ತಿದ್ದೆನೋ ಏನೋ. ಅವನು ಉಳಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕಿಟಕಿಯ ಮೇಲಿಟ್ಟ.

"ನಾನು ಕ್ಷಮೆ ಕೇಳೋಕೆ..." ಎಂದೆ.

"ನಾನಲ್ಲ ಅನ್ನೋದು ನಂಗೆ ಗೊತ್ತು ಕಾಸಿಲ್ಡಾ. ಅದನ್ನ ತಿಳ್ಕೊಳ್ಳೋಕೆ ನೀನು ಬೇಕಾಗಿರಲಿಲ್ಲ. ಗೊತ್ತಿರೋನ ಹತ್ರ ಬಂದು ಹೇಳ್ತೀಯ, ಸುಲಭ ಅಂತ. ಗೊತ್ತಿಲ್ಲದೋರಿಗೆ ಹೇಳು ಹೋಗು." ಒಳಗೆ ಹೋಗುತ್ತ ತಿರುಗಿದ. "ಎಪ್ಪತ್ನಾಲ್ಕು ನಂಗೆ. ಕಾಯ್ತಾ ಕೂರ್ತೀನಿ ಅಂದ್ಕೋಬೇಡ." ಬಾಗಿಲು ಹಾಕಿಕೊಂಡ.

ಮೂರನೆಯ ದಿನ ಬೆಳಿಗ್ಗೆ ಕಟ್ಟೆಯ ಬಳಿ ಎಂಟು ಜನ ಕಪ್ಪುಟ್ಟು ನಿಂತೆವು. ಮನೆಮನೆಗೆ ಒಗೆಯುವ ಯಂತ್ರ ಬಂದ ಮೇಲೆ ಆ ತೊಟ್ಟಿ ಬತ್ತಿಹೋಗಿತ್ತು; ಸಿನಿಮಾದವರು ಪಾಚಿ ತೆಗೆಸಿ ನೀರು ಬಿಟ್ಟಿದ್ದರು. ನೂರಿಯಾ ಒಬ್ಬೊಬ್ಬರ ತೋಳು ಹಿಡಿದು ಜಾಗ ತೋರಿಸಿದಳು.

"ಕಾಸಿಲ್ಡಮ್ಮ, ನೀವು ಆ ಕೊನೇ ಕಲ್ಲಿಗೆ. ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತೆ."

ಮಂಡಿ ಊರಿದೆ. ಒಗೆಯಲು ಕೊಟ್ಟದ್ದೂ ಕಪ್ಪು ಬಟ್ಟೆಯೇ. ಏನಾದರೂ ಮಾತಾಡಿಕೊಳ್ಳಿ, ಮಾತು ಕೇಳಿಸುವುದಿಲ್ಲ, ಮುಖ ಮಾತ್ರ ಸಾಕು ಎಂದರು ನಿರ್ದೇಶಕರು. ಕ್ಯಾಮೆರಾ ತಿರುಗತೊಡಗಿತು. ನನ್ನ ಪಕ್ಕದ ಕಲ್ಲಿನಿಂದ ತೆಯೊದೋರಾ ಬಟ್ಟೆ ಉಜ್ಜುತ್ತ, ನಗು ತಡೆದುಕೊಂಡು ಕೇಳಿದಳು:

"ಕಪ್ಪಿನ ಕಲ್ಲಿನ ಮೇಲೆ ಕೂತಿದೀಯಲ್ಲೇ. ಯಾರು ಹೋದ್ರು ನಿಮ್ಮನೇಲಿ?"

"ಬ್ಲಾಸ್," ಎಂದೆ.

ಅವಳ ಕೈ ನಿಧಾನವಾಯಿತು. "ತಮಾಷೆಗೆ ಕೇಳಿದೆ ಕಣೆ."

"ನಾನು ತಮಾಷೆಗೆ ಹೇಳ್ತಿಲ್ಲ. ಬ್ಲಾಸ್ ಸತ್ತಾಗ ಅಮ್ಮನ ಒಳಲಂಗಕ್ಕೆ ಬಣ್ಣ ಹಾಕಿ ಇದೇ ಕಲ್ಲಿನ ಮೇಲೆ ಹಿಂಡಿದೆ. ನೀವೆಲ್ಲ ಹೂವು ಕೀಳ್ತಿದ್ರಿ. ಸಾರ್ಜೆಂಟನ ಹೆಂಡತಿ ನೋಡಿದ್ಲು. ಮಧ್ಯಾಹ್ನ ಅವನು ಬಂದು ಅಮ್ಮನ ಲಂಗ ಎತ್ತಿ ನೋಡ್ದ. ಒರೆನ್ಸಿಯೊನ ಹಿಡಿದದ್ದು ಅದರಿಂದ."

"ಮಕಾರಿಯೊ?"

"ಅವನು ಪಾಸ್ ತರೋಕೆ ಹೋಗಿದ್ದ. ಅಷ್ಟೇ."

ನೀರು ಹರಿಯುತ್ತಿತ್ತು. ಆ ಕಡೆಯ ಸಾಲಿನವರೂ ಉಜ್ಜುವುದನ್ನು ಬಿಟ್ಟಿದ್ದರು. ತೆಯೊದೋರಾ ನನ್ನನ್ನು ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ಮೂವತ್ತು ವರ್ಷ ಪ್ರತಿ ಬುಧವಾರ ನನ್ನ ಮನೆಯಲ್ಲಿ ಕಾಫಿ ಕುಡಿದವಳು. ಹಿಂಡಿದ ಬಟ್ಟೆಯನ್ನು ಬುಟ್ಟಿಗೆ ಹಾಕಿಕೊಂಡು ಎದ್ದು ಮೂರು ಕಲ್ಲು ಆಚೆ ಹೋಗಿ ಮಂಡಿ ಊರಿದಳು. ಅವಳ ನಾದಿನಿಯೂ ಎದ್ದಳು. ನನ್ನ ಅಕ್ಕಪಕ್ಕ ಖಾಲಿಯಾಯಿತು.

"ನಿಲ್ಲಿಸಿ," ಎಂದು ಕೂಗಿದರು ನಿರ್ದೇಶಕರು. ಓಡಿಬಂದು ನನ್ನ ಭುಜ ಮುಟ್ಟಿದರು. "ಅದ್ಭುತವಾಗಿತ್ತು ಅಮ್ಮ. ಅವರು ಎದ್ದು ಹೋದದ್ದು, ನೀವು ಕೂತಿದ್ದದ್ದು. ಹಾಗೇ ಇನ್ನೊಂದು ಸಲ ಮಾಡ್ತೀರಾ?"

"ಇನ್ನೊಂದು ಸಲ ಆಗಲ್ಲ," ಎಂದು ಎದ್ದೆ. ಮಂಡಿ ಹಿಡಿದುಕೊಂಡಿತ್ತು. ಊರಿನವರು ಯಾರೂ ಕೈ ಕೊಡಲಿಲ್ಲ. ಚಾಚಿದ್ದ ನೂರಿಯಾಳ ಕೈಯನ್ನು ನಾನು ಹಿಡಿಯಲಿಲ್ಲ.

ಕಪ್ಪು ಬಟ್ಟೆಯಲ್ಲೇ ಮನೆಗೆ ನಡೆದೆ. ಖಾನೆಯಿಂದ ಲಕೋಟೆ ತೆಗೆದು, ಅಂಚನ್ನು ಆವಿಗೆ ಹಿಡಿದು ಬಿಡಿಸಿದೆ. ನಾಲ್ಕು ಪುಟವನ್ನೂ ಓದಿದೆ. ಅಕ್ಷರ ಸೊಟ್ಟಗಿತ್ತು, ತಪ್ಪುಗಳಿದ್ದವು. ಒಂದು ಕಡೆ, "ನನಗೆ ಗೊತ್ತಿಲ್ಲದೆ ಆದದ್ದು" ಎಂದು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದೆ. ಕಲ್ಲಿನ ಮೇಲೆ ಕೂತದ್ದು ಗೊತ್ತಿಲ್ಲದೆ ಆದದ್ದು ನಿಜ. ಆಮೇಲಿನ ನಲವತ್ತು ವರ್ಷ ಹಾಗಲ್ಲ. ಕೊನೆಯಲ್ಲಿ ಜಾಗ ಉಳಿದಿತ್ತು. ಅಲ್ಲಿ ಬರೆದೆ:

"ಇದನ್ನು ಇವತ್ತು ಊರಿಗೂ ಹೇಳಿದ್ದೇನೆ. ನೀನು ಉತ್ತರ ಬರೆಯುವುದಾದರೆ ನನಗೆ ಬೇಡ, ಅವನಿಗೆ ಬರೆ. ಅವನಿಗೆ ಎಪ್ಪತ್ತನಾಲ್ಕು. ಬೇಗ ಬರೆ." ಕೆಳಗೆ ಮಕಾರಿಯೊನ ಪೂರ್ತಿ ಹೆಸರು, ಬೀದಿ.

ಚಿಕ್ಕಮ್ಮ ಎಂದು ಸಹಿ ಹಾಕಿದ್ದೆ, ಅದನ್ನೂ ಹೊಡೆದೆ. ಕಾಸಿಲ್ಡಾ ಎಂದಷ್ಟೇ ಬರೆದೆ.

ಅಂಚೆಯ ಹಳದಿ ಕಾರು ಹನ್ನೊಂದೂವರೆಗೆ ಊಟೆಯ ಬಳಿ ಬಂದು ನಿಲ್ಲುತ್ತದೆ. ಅಂಚೆಯವನು ನನ್ನ ಬಟ್ಟೆ ನೋಡಿ ಟೋಪಿ ತೆಗೆದ.

"ಯಾರು ಹೋದ್ರು ಕಾಸಿಲ್ಡಮ್ಮ?"

"ಸಿನಿಮಾದ ಬಟ್ಟೆ ಕಣಪ್ಪ ಇದು."

"ಹಾಗಾ." ಲಕೋಟೆ ತಿರುಗಿಸಿ ನೋಡಿದ. "ಫ್ರಾನ್ಸಿಗೆ ಈ ಹಳೇ ಚೀಟಿ ಸಾಲದು. ಇನ್ನೊಂದು ಹಚ್ಚಬೇಕು. ಅವಸರ ಇಲ್ಲದಿದ್ರೆ ಕ್ರಿಸ್ಮಸ್ ಹೊತ್ತಿಗೆ ಹಾಕಿ, ಜೊತೆಗೆ ಶುಭಾಶಯದ ಕಾರ್ಡೂ ಹೋಗುತ್ತೆ."

"ಅವಸರ ಇದೆ," ಎಂದು ಚಿಲ್ಲರೆ ಕೊಟ್ಟೆ. ಅವನು ಹೊಸ ಚೀಟಿಯನ್ನು ನಾಲಿಗೆಗೆ ತಾಗಿಸಿ ಹಳೆಯದರ ಪಕ್ಕದಲ್ಲಿ ಒತ್ತಿದ, ಮುದ್ರೆ ಹೊಡೆದ. ಲಕೋಟೆಯನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಹ್ಯಾಂಡ್‌ಬ್ರೇಕ್ ಬಿಟ್ಟ. ಕಾರು ಇಳಿಜಾರಿನಲ್ಲಿ ಸದ್ದಿಲ್ಲದೆ ಹೊರಟಿತು.